ಕೊಕ್ಕೆಯ ತುದಿಯ ಕೂಲಿ: ಕ್ರೋಶಾ ನಡೆದು ಬಂದ ದಾರಿ

ಪುಣೆಯ ಪೂರ್ವದ ಅಂಚಿನಲ್ಲಿರುವ ಖರಾಡಿ ಒಂದು ಕಾಲಕ್ಕೆ ಮುಳಾ-ಮುಠಾ ನದಿಯ ದಂಡೆಯ ಹಳ್ಳಿ. ಈಗ ಅಲ್ಲಿ ಐ.ಟಿ. ಪಾರ್ಕುಗಳು, ಅವುಗಳ ಸುತ್ತ ಮುಗಿಲೆತ್ತರದ ವಸತಿ ಕಟ್ಟಡಗಳು. ಕೆಲಸದ ಬೆನ್ನು ಹತ್ತಿ ಬಂದ ಕನ್ನಡದ ಮನೆಗಳೂ ಆ ಕಟ್ಟಡಗಳಲ್ಲಿವೆ. ಇಂಥ ಮನೆಗಳಲ್ಲಿ ಅಜ್ಜಿಯ ಕಾಲದ್ದು ಎಂದು ಎತ್ತಿಟ್ಟ ಬಟ್ಟೆಗಳ ನಡುವೆ ಒಂದಾದರೂ ಕ್ರೋಶಾ ವಸ್ತು ಸಿಗುವುದು ಹೊಸದೇನಲ್ಲ: ಬಾಗಿಲ ತೋರಣ, ಟಿ.ವಿ.ಯ ಮೇಲೆ ಹೊದಿಸುತ್ತಿದ್ದ ಬಿಳಿ ಜಾಲರಿ, ನೀರಿನ ತಂಬಿಗೆಗೆ ಮುಚ್ಚುತ್ತಿದ್ದ ಮಣಿಯಂಚಿನ ಗುಂಡು ಬಟ್ಟೆ, ಕೂಸಿನ ಕುಲಾವಿ. ಮೊಮ್ಮಗಳ ಮೇಜಿನ ಮೇಲೆ ಅದೇ ಕೊಕ್ಕೆ ಕಡ್ಡಿಯಿಂದ ಹೆಣೆದ ಪುಟ್ಟ ಆಮೆಯೋ ಕರಡಿಯೋ ಕೂತಿರುತ್ತದೆ. ಅಮಿಗುರುಮಿ ಎಂಬ ಜಪಾನಿ ಹೆಸರಿನ ಆ ಗೊಂಬೆಗಳನ್ನು ಕಲಿಸಿದ್ದು ಯೂಟ್ಯೂಬು.

ಅಜ್ಜಿಯ ತೋರಣಕ್ಕೂ ಮೊಮ್ಮಗಳ ಆಮೆಗೂ ನೋಡಿದವರ ಬಾಯಿಂದ ಬರುವ ಮೆಚ್ಚುಗೆ ಮಾತ್ರ ಬದಲಾಗಿಲ್ಲ. ‘ಎಷ್ಟು ಚೆನ್ನಾಗಿದೆ! ಬಿಡುವಾದಾಗ ಮಾಡಿದ್ದಾ?’ ಆ ‘ಬಿಡುವು’ ಎಂಬ ಮಾತು ಸಣ್ಣದಲ್ಲ. ಕ್ರೋಶಾದ ಇತಿಹಾಸವನ್ನು ಹಿಡಿದು ಹಿಂದಕ್ಕೆ ಹೋದರೆ ಬಿಡುವಿನ ಜತೆಗೆ ಹಸಿವೂ ಬರಗಾಲವೂ ಕೂಲಿಯೂ ಎದುರಾಗುತ್ತವೆ. ಹೊಟ್ಟೆಪಾಡಿಗಾಗಿ ಹೆಣೆದ ಕೈಗಳ ದುಡಿಮೆಗೆ ಬಿಡುವಿನ ಕೆಲಸ ಎಂಬ ಹೆಸರು ಬಿದ್ದದ್ದು ಹೇಗೆ ಎನ್ನುವುದೂ ಆ ಇತಿಹಾಸದಲ್ಲೇ ಇದೆ.

ಹೆಸರು ಮತ್ತು ಕೆಲಸ

ಕ್ರೋಶಾ ಎಂಬುದು ಫ್ರೆಂಚ್ ಮಾತು. ಆ ಭಾಷೆಯಲ್ಲಿ ಅದಕ್ಕೆ ಸಣ್ಣ ಕೊಕ್ಕೆ ಎಂದಷ್ಟೇ ಅರ್ಥ. ಡಚ್ಚರೂ ಜರ್ಮನರೂ ತಮ್ಮ ಭಾಷೆಯ ಕೊಕ್ಕೆ ಎಂಬ ಪದದಿಂದಲೇ ಈ ಕೆಲಸಕ್ಕೆ ಹೆಸರು ಕೊಟ್ಟಿದ್ದಾರೆ. ನಾವು ಫ್ರೆಂಚ್ ಪದವನ್ನೇ ಇಟ್ಟುಕೊಂಡು ಕ್ರೋಶಾ, ಕ್ರೋಶೆ, ಕ್ರೋಶಿಯಾ ಎಂದು ಊರಿಗೊಂದು ಬಗೆಯಲ್ಲಿ ಉಚ್ಚರಿಸುತ್ತೇವೆ.

ಉಲ್ಲನ್ ಸ್ವೆಟರು ಹೆಣೆಯಲು ಎರಡು ಕಡ್ಡಿ ಬೇಕು. ಒಂದು ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ಬಾಯಿ ತೆರೆದುಕೊಂಡು ಕಾಯುತ್ತಿರುತ್ತವೆ. ಒಂದು ಜಾರಿದರೆ ಅದರ ಕೆಳಗಿನವೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಇರುವುದು ಒಂದೇ ಕಡ್ಡಿ, ಅದರ ತುದಿಯಲ್ಲಿ ಕೊಕ್ಕೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕುಣಿಕೆಯ ಬಾಯಿ ತೆರೆದಿರುತ್ತದೆ. ಆ ಕುಣಿಕೆಯೊಳಗಿಂದ ದಾರವನ್ನು ಎಳೆದರೆ ಹೊಸ ಕುಣಿಕೆ, ಹಳೆಯದು ಅಲ್ಲಿಗೆ ಮುಗಿಯಿತು. ಹೀಗೆ ಎಳೆಯುತ್ತ ಹೋದರೆ ಸರಪಳಿ. ಸರಪಳಿಯ ಮೇಲೆ ದಾರವನ್ನು ಸುತ್ತಿ ಎತ್ತರಿಸಿದರೆ ಕಂಬ. ಪುಣೆಯ ಮರಾಠಿ ಹೆಂಗಸರು ಇವನ್ನೇ ‘ಸಾಖಳಿ’, ‘ಖಾಂಬ’ ಎನ್ನುತ್ತಾರೆ. ಗಿಡ್ಡ ಕಂಬಕ್ಕೆ ಅವರಲ್ಲಿ ‘ಮುಕಾ ಖಾಂಬ’, ಅಂದರೆ ಮೂಕ ಕಂಬ ಎಂಬ ಹೆಸರಿದೆ. ಸರಪಳಿ ಮತ್ತು ಕಂಬಗಳ ಲೆಕ್ಕ ಗೊತ್ತಿದ್ದರೆ ಹೂವು, ನಕ್ಷತ್ರ, ನವಿಲು ಏನನ್ನು ಬೇಕಾದರೂ ಕಟ್ಟಬಹುದು.

ಕುಣಿಕೆ ಒಂದೇ ಆದ್ದರಿಂದ ಕೆಲಸ ಯಾವ ದಿಕ್ಕಿಗಾದರೂ ತಿರುಗಬಲ್ಲದು. ಅಂಚಿನಿಂದ ಹಿಂದಕ್ಕೆ, ನಡುವಿನಿಂದ ಸುತ್ತಲೂ, ಚಪ್ಪಟೆಯಾಗಿ, ಚೆಂಡಿನಂತೆ ದುಂಡಗೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಇದೇ ಗುಣವನ್ನು ಬಳಸಿಕೊಂಡರು. ಪ್ರತಿ ಸಾಲಿನಲ್ಲೂ ಒಂದೇ ಪ್ರಮಾಣದಲ್ಲಿ ಕುಣಿಕೆ ಹೆಚ್ಚಿಸುತ್ತ ಹೋಗಿ, ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿದ್ದ ಹೈಪರ್‌ಬೋಲಿಕ್ ಮೇಲ್ಮೈಯನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಚಿ ನೋಡುವಂತೆ ಹೆಣೆದು ತೋರಿಸಿದರು.

ಯಾವ ದಿಕ್ಕಿಗಾದರೂ ತಿರುಗುವ ಈ ಗುಣವೇ ಯಂತ್ರಕ್ಕೆ ತೊಡಕು. ಸ್ವೆಟರಿನ ಹೆಣಿಗೆಗೆ ಇಂಗ್ಲೆಂಡಿನಲ್ಲಿ 1589ರಲ್ಲೇ ಯಂತ್ರ ಬಂತು. ಕ್ರೋಶಾವನ್ನು ದೊಡ್ಡ ಪ್ರಮಾಣದಲ್ಲಿ ಹೆಣೆಯುವ ಕಾರ್ಖಾನೆ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ಕ್ರೋಶಾದಂತೆ ಕಾಣುವ ಎಷ್ಟೋ ಬಟ್ಟೆಗಳು ಬೇರೆ ಬಗೆಯ ಯಂತ್ರದ ಹೆಣಿಗೆ. ನಿಜವಾದ ಕ್ರೋಶಾ ಎಷ್ಟೇ ಅಗ್ಗವಾಗಿ ಸಿಕ್ಕಲಿ, ಅದರ ಒಂದೊಂದು ಕುಣಿಕೆಯನ್ನೂ ಎಲ್ಲೋ ಒಂದು ಕೈ ಎಳೆದಿರುತ್ತದೆ.

ಹಳೆಯದೆನಿಸುವ ಹೊಸ ಕಲೆ

ಕ್ರೋಶಾ ಸಾವಿರಾರು ವರ್ಷ ಹಳೆಯದು ಎಂಬ ನಂಬಿಕೆ ಜಗತ್ತಿನ ಹಲವೆಡೆ ಇದೆ. ಈಜಿಪ್ಟಿನ ಗೋರಿಗಳಲ್ಲಿ ಸಿಕ್ಕ ಹಳೆಯ ಕಾಲುಚೀಲಗಳನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುವುದುಂಟು. ಆದರೆ ಅವನ್ನು ಮಾಡಿದ್ದು ಕಣ್ಣುಳ್ಳ ಸೂಜಿಯಿಂದ, ತುಂಡು ತುಂಡು ದಾರವನ್ನು ಕುಣಿಕೆಗಳೊಳಗೆ ಪೂರ್ತಿ ತೂರಿಸುವ ಇನ್ನೊಂದು ವಿಧಾನದಲ್ಲಿ. ಯುರೋಪಿನ ಸಂಗ್ರಹಾಲಯಗಳನ್ನು ಹುಡುಕಿ ಕ್ರೋಶಾದ ಇತಿಹಾಸ ಬರೆದ ಡೆನ್ಮಾರ್ಕಿನ ಲಿಸ್ ಪಲುಡಾನ್ ಅವರಿಗೆ 1800ಕ್ಕಿಂತ ಹಿಂದೆ ಯುರೋಪಿನಲ್ಲಿ ಈ ಕೆಲಸ ಇತ್ತೆನ್ನಲು ನಂಬುವಂಥ ಪುರಾವೆ ಸಿಗಲಿಲ್ಲ.

ಮುದ್ರಿತ ಪುರಾವೆಗಳಲ್ಲಿ ಮೊದಲನೆಯದು ಡಚ್ ಭಾಷೆಯದು. ‘ಪೆನೆಲೋಪೆ’ ಎಂಬ ಮಹಿಳಾ ಪತ್ರಿಕೆ 1823ರಲ್ಲಿ ರೇಷ್ಮೆ ದಾರದ ಹಣದ ಚೀಲಗಳನ್ನು ಕ್ರೋಶಾದಲ್ಲಿ ಹೆಣೆಯುವ ಬಗೆಯನ್ನು ಬಣ್ಣದ ಚಿತ್ರದೊಂದಿಗೆ ಪ್ರಕಟಿಸಿತು. ಸ್ಕಾಟ್ಲೆಂಡಿನ ಎಲಿಜಬೆತ್ ಗ್ರಾಂಟ್ ತಮ್ಮ ನೆನಪುಗಳಲ್ಲಿ, 1812ನೇ ಇಸವಿಯ ಸಂಗತಿ ಹೇಳುವಾಗ, ಕೊಕ್ಕೆಯಿಂದ ಮಾಡುವ ‘ಕುರುಬರ ಹೆಣಿಗೆ’ಯ ಉಡುಪನ್ನು ಪ್ರಸ್ತಾಪಿಸುತ್ತಾರೆ. ಒರಟು ಉಣ್ಣೆಯಲ್ಲಿ ಮಾಡುತ್ತಿದ್ದ ಬಡವರ ಕೆಲಸ ಅದು.

ಹಾಗಾದರೆ ಗಾಳಿಯಲ್ಲಿ ಹೂ ಅರಳಿಸುವ ನಯವಾದ ಕ್ರೋಶಾ ಎಲ್ಲಿಂದ ಬಂತು? ಈ ಪ್ರಶ್ನೆಗೆ ಹೆಚ್ಚು ಜನ ಒಪ್ಪುವ ಊಹೆ ನಮ್ಮ ಕಡೆಗೇ ಬೆರಳು ತೋರುತ್ತದೆ. ಕಚ್ಛಿನ ಮೋಚಿಗಳು ಚರ್ಮ ಚುಚ್ಚುವ ಆರಿಯ ತುದಿಯಲ್ಲಿ ಸಣ್ಣ ಕೊಕ್ಕೆ ಮಾಡಿಕೊಂಡು, ಬಿಗಿದ ಬಟ್ಟೆಯ ಕೆಳಗಿನಿಂದ ದಾರವನ್ನು ಮೇಲಕ್ಕೆ ಎಳೆದು, ಕುಣಿಕೆಯೊಳಗೆ ಕುಣಿಕೆ ಸೇರಿಸಿ ಕಸೂತಿ ಹಾಕುತ್ತಿದ್ದರು. ಇಂದು ಕರ್ನಾಟಕದ ಟೈಲರ್ ಅಂಗಡಿಗಳಲ್ಲಿ ರವಿಕೆಯ ತೋಳಿಗೂ ಬೆನ್ನಿಗೂ ಹಾಕಿಸುವ ‘ಆರಿ ವರ್ಕ್’ನ ವಿಧಾನವೂ ಅದೇ. ಭಾರತ, ಪರ್ಷಿಯಾ, ತುರ್ಕಿಗಳಲ್ಲಿ ರೂಢಿಯಲ್ಲಿದ್ದ ಈ ಕೊಕ್ಕೆ ಕಸೂತಿ 18ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು. ಬಟ್ಟೆಯನ್ನು ಡೋಲಿನ ಚರ್ಮದಂತೆ ಬಳೆಗೆ ಬಿಗಿಯುತ್ತಿದ್ದುದರಿಂದ ಫ್ರೆಂಚರು ಅದನ್ನು ತಂಬೂರ್, ಎಂದರೆ ಡೋಲು, ಎಂದು ಕರೆದರು. ಫ್ರಾನ್ಸಿನ ಅರಮನೆಗೆ ಕಸೂತಿಯ ವಿನ್ಯಾಸ ಮಾಡುತ್ತಿದ್ದ ಸೇಂಟ್-ಒಬಾಂ 1770ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ.

ಮುಂದಿನ ಹೆಜ್ಜೆ ಚಿಕ್ಕದು. ಕೆಳಗಿನ ಬಟ್ಟೆಯನ್ನು ತೆಗೆದುಬಿಟ್ಟು ಬರೀ ಕುಣಿಕೆಗಳನ್ನೇ ಒಂದಕ್ಕೊಂದು ಹೊಂದಿಸಿದರೆ ಅದೇ ‘ಗಾಳಿಯ ಕ್ರೋಶಾ’. ಈ ಹೆಜ್ಜೆಯನ್ನು ಮೊದಲು ಇಟ್ಟವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಆಲೂಗಡ್ಡೆ ಕೊಳೆತ ವರ್ಷಗಳು

1840ರ ದಶಕದಲ್ಲಿ ಕ್ರೋಶಾ ಶ್ರೀಮಂತ ಮಹಿಳೆಯರ ದಿವಾನಖಾನೆ ಹೊಕ್ಕಿತು. ಎಲಿಯನೋರ್ ರಿಯೇಗೊ ಎಂಬ ಮಹಿಳೆ ಲಂಡನ್ನಿನಿಂದ ಹತ್ತಾರು ಮಾದರಿ ಪುಸ್ತಕಗಳನ್ನು ಹೊರತಂದರು. ವಿಕ್ಟೋರಿಯಾ ರಾಣಿಯೂ ಕೊಕ್ಕೆ ಹಿಡಿದರು. ಮುಪ್ಪಿನಲ್ಲಿ, 1900ರಲ್ಲಿ, ದಕ್ಷಿಣ ಆಫ್ರಿಕಾದ ಯುದ್ಧದಲ್ಲಿದ್ದ ಸೈನಿಕರಿಗೆಂದು ಎಂಟು ಸ್ಕಾರ್ಫುಗಳನ್ನು ತಾವೇ ಹೆಣೆದರು.

ಅದೇ 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಬೇರೆಯದೇ ಕಥೆ ನಡೆಯುತ್ತಿತ್ತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಊಟವೆಂದರೆ ಅದೊಂದೇ ಆಗಿದ್ದ ನಾಡಿನಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟು ಹಡಗು ಹತ್ತಿದರು. ಕಾರ್ಕ್ ಪಟ್ಟಣದ ಬಳಿಯ ಅರ್ಸುಲೈನ್ ಕಾನ್ವೆಂಟಿನ ಸನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿ, ಹೆಣೆದದ್ದನ್ನು ಮಾರಿ ಕೂಲಿ ಕೊಡಲು ತೊಡಗಿದರು. ಉತ್ತರದ ಕ್ಲೋನ್ಸ್ ಊರಿನಲ್ಲಿ ಪಾದ್ರಿಯ ಹೆಂಡತಿ ಕ್ಯಾಸಂಡ್ರಾ ಹ್ಯಾಂಡ್ 1847ರ ಸುಮಾರಿಗೆ ಇದನ್ನೇ ಆರಂಭಿಸಿದರು.

ಕ್ರೋಶಾವನ್ನೇ ಆಯ್ದುಕೊಂಡದ್ದಕ್ಕೆ ಕಾರಣ ಸರಳ. ವೆನಿಸ್ಸಿನ ಬೆಲೆಬಾಳುವ ಸೂಜಿ ಲೇಸಿಗೆ ತಿಂಗಳುಗಟ್ಟಲೆ ಸಮಯ ಬೇಕು. ಅದೇ ನೋಟವನ್ನು ಕೊಕ್ಕೆಯಿಂದ ಬೇಗ ತರಬಹುದು. ಬೇಕಾದ ಬಂಡವಾಳ ಒಂದು ಕಡ್ಡಿ, ಒಂದು ದಾರದುಂಡೆ. ಗುಡಿಸಲಿನ ಮಂದ ಬೆಳಕಿನಲ್ಲೂ ಮಾಡಬಹುದು, ಮಗು ಅತ್ತರೆ ಕೆಳಗಿಟ್ಟು ಎದ್ದುಹೋಗಬಹುದು. ಒಬ್ಬಳು ಗುಲಾಬಿ ಹೆಣೆದರೆ ಇನ್ನೊಬ್ಬಳು ಎಲೆ ಹೆಣೆದಳು. ಕುಟುಂಬಕ್ಕೊಂದು ಹೂವಿನ ಮಾದರಿ, ಅದನ್ನು ನೆರೆಯವರ ಕಣ್ಣಿಗೆ ಬೀಳದಂತೆ ಕಾಪಾಡುವುದೂ ಇತ್ತು. ಬಿಡಿ ಹೂಗಳನ್ನು ಜೋಡಿಸಿ ಕಾಲರು, ಗೌನು ಮಾಡುವ ಕೆಲಸ ಬೇರೆ ಕೈಗಳದ್ದು. ಲಂಡನ್, ಪ್ಯಾರಿಸ್, ನ್ಯೂಯಾರ್ಕಿನ ಶ್ರೀಮಂತರು ಐರಿಷ್ ಕ್ರೋಶಾವನ್ನು ಕೊಂಡುಕೊಂಡರು. ಗಂಡಸರಿಗೆ ಹೊಲದಲ್ಲಿ ಕೆಲಸವಿಲ್ಲದಾಗ ಹೆಂಗಸರ ಕೊಕ್ಕೆಯಿಂದ ಬಂದ ಕಾಸು ಮನೆಗೆ ಹಿಟ್ಟು ತಂದಿತು.

ಗೋದಾವರಿಯ ದಂಡೆಗೆ

ಭಾರತದಲ್ಲಿ ಲೇಸಿನ ಕೆಲಸ ಬೇರೂರಿದ್ದು ಮಿಷನರಿಗಳ ಮನೆಗಳ ಮೂಲಕ. 1820ರ ದಶಕದ ಆರಂಭದಲ್ಲಿ ನಾಗರಕೋಯಿಲಿನಲ್ಲಿ ಮಾರ್ಥಾ ಮಾಲ್ಟ್ ತಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಲೇಸ್ ಕಲಿಸಿದರು. ಅದು ಕೊಕ್ಕೆಯದಲ್ಲ, ದಿಂಬಿನ ಮೇಲೆ ಉರುಳೆಗಳಿಂದ ಹೆಣೆಯುವ ಲೇಸು. ಆದರೆ ಶಾಲೆಯೂ ದುಡಿಮೆಯೂ ಜತೆಗೇ ನಡೆಯುವ ಏರ್ಪಾಡು ಅಲ್ಲಿಂದ ಬೇರೆಡೆಗೂ ಹಬ್ಬಿತು. ಆಂಧ್ರದ ಗೋದಾವರಿ ಮುಖಜಭೂಮಿಯ ನರಸಾಪುರದಲ್ಲಿ ಕ್ರೋಶಾ ಲೇಸಿನ ಆರಂಭವನ್ನು 1844ಕ್ಕೆ ಒಯ್ಯುತ್ತಾರೆ. ಮಕ್ರೇ ಎಂಬ ಸ್ಕಾಟಿಷ್ ಮಿಷನರಿ ದಂಪತಿ ಅದನ್ನು ಮೊದಲು ಕಲಿಸಿದ್ದು ಹೊಸದಾಗಿ ಕ್ರೈಸ್ತರಾಗಿದ್ದ ಮಾಲ ಮತ್ತು ಮಾದಿಗ ಸಮುದಾಯದ ಹೆಂಗಸರಿಗೆ. ಮುಂದೆ ರಫ್ತು ಬೆಳೆದಂತೆ ಒಕ್ಕಲುತನದ ಕಾಪು ಮನೆಗಳ ಹೆಂಗಸರೂ ಸೇರಿದರು. ಹೊಲಕ್ಕೆ ಕೂಲಿಗೆ ಹೋಗುವುದು ಮನೆತನಕ್ಕೆ ಕೀಳು ಎನ್ನುವ ಗೋಷಾ ಪದ್ಧತಿಯ ಮನೆಗಳಿಗೆ, ಹೊಸಿಲು ದಾಟದೆ ಮಾಡುವ ಈ ಕೆಲಸ ಹೇಳಿ ಮಾಡಿಸಿದಂತಿತ್ತು.

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1970ರ ದಶಕದ ಕೊನೆಯಲ್ಲಿ ಈ ಹೆಂಗಸರ ನಡುವೆ ಅಧ್ಯಯನ ನಡೆಸಿದರು. 1982ರಲ್ಲಿ ಪ್ರಕಟವಾದ ‘ನರಸಾಪುರದ ಲೇಸ್ ಹೆಣೆಯುವವರು’ ಎಂಬ ಅವರ ಪುಸ್ತಕ ಹೆಂಗಸರ ದುಡಿಮೆಯ ಚರ್ಚೆಯಲ್ಲಿ ಇಂದಿಗೂ ಹೆಸರಾಗಿದೆ. ಅವರು ಕಂಡದ್ದು ಐರ್ಲೆಂಡಿನದ್ದೇ ಕೆಲಸದ ಹಂಚಿಕೆ. ಬಿಡಿ ಹೂ ಹೆಣೆಯುವುದು ‘ಚೇತಿಪನಿ’, ಹೂಗಳನ್ನು ಜೋಡಿಸುವುದು ‘ಅತುಕುಪನಿ’. ದಾರ ತಂದುಕೊಟ್ಟು ಹೆಣೆದದ್ದನ್ನು ಒಯ್ಯುವ ಏಜೆಂಟು, ಏಜೆಂಟಿನ ಮೇಲೆ ವ್ಯಾಪಾರಿ, ಅವನ ಮೇಲೆ ರಫ್ತುದಾರ. ಮೇಲಕ್ಕೆ ಹೋದಂತೆ ಗಂಡಸರೇ. ಮನೆಗೆಲಸವನ್ನೆಲ್ಲ ಮುಗಿಸಿ ದಿನಕ್ಕೆ 6ರಿಂದ 8 ಗಂಟೆ ಹೆಣೆದರೂ ಕೈಗೆ ಬರುತ್ತಿದ್ದುದು ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಗಿಂತ ತೀರಾ ಕಡಿಮೆ.

ಇಷ್ಟು ಕಡಿಮೆ ಕೊಟ್ಟು ದಕ್ಕಿಸಿಕೊಳ್ಳಲು ಸಾಧ್ಯವಾದದ್ದು ಹೇಗೆ? ಮೀಸ್ ಕೊಟ್ಟ ಉತ್ತರ ‘ಗೃಹಿಣಿ’ ಎಂಬ ಪದದಲ್ಲಿದೆ. ವ್ಯಾಪಾರಿಗಳ ಕಣ್ಣಿಗೆ, ಸರ್ಕಾರದ ಲೆಕ್ಕಕ್ಕೆ, ಮನೆಯ ಗಂಡಸರಿಗೆ, ಕೊನೆಗೆ ಹೆಣೆಯುವವರಿಗೂ ಅವರು ಕೆಲಸಗಾರರಲ್ಲ, ಗೃಹಿಣಿಯರು. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಬಿಡುವಿನಲ್ಲಿ ಏನೋ ಹೆಣೆಯುತ್ತಾರೆ ಎಂಬುದು ಒಪ್ಪಿತ ಮಾತು. ಬಿಡುವಿಗೆ ಗಂಟೆಯ ಲೆಕ್ಕವಿಲ್ಲ, ಗಂಟೆಯ ಲೆಕ್ಕವಿಲ್ಲದ ಕಡೆ ಕನಿಷ್ಠ ಕೂಲಿಯ ಮಾತೂ ಏಳುವುದಿಲ್ಲ. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಊರಿನ ಹೆಸರನ್ನು ನಕಲಿಯಿಂದ ಕಾಯುತ್ತದೆ. ಹೆಣೆದವಳ ಗಂಟೆಗಳನ್ನು ಎಣಿಸುವುದು ಅದರ ಕೆಲಸವಲ್ಲ.

ಪುಣೆಯ ಇನ್ನೊಂದು ದಾರಿ

ಕೈಕೆಲಸವನ್ನು ಬಿಡುವಿನ ಲೆಕ್ಕದಿಂದ ಹೊರಗೆ ತಂದ ಪ್ರಯತ್ನಗಳೂ ಇದ್ದವು. ಅವುಗಳಲ್ಲಿ ಒಂದು ಖರಾಡಿಯಿಂದ ದೂರವಿಲ್ಲ. ನದಿ ದಾಟಿ ಹಡಪಸರದ ಕಡೆ ಹೋಗಿ ಸೋಲಾಪುರದ ರಸ್ತೆ ಹಿಡಿದರೆ ದೌಂಡ್ ತಾಲ್ಲೂಕಿನ ಕೇಡಗಾಂವ್ ಸಿಗುತ್ತದೆ. ಪಂಡಿತಾ ರಮಾಬಾಯಿ ಕಟ್ಟಿದ ‘ಮುಕ್ತಿ’ ಇರುವುದು ಅಲ್ಲಿ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಸಮಾಜದ ಸಿಟ್ಟಿಗೆ ಗುರಿಯಾದ ಅನಂತಶಾಸ್ತ್ರಿ ಡೋಂಗ್ರೆ ಅವರ ಮಗಳು. 1870ರ ದಶಕದ ಬರಗಾಲದಲ್ಲಿ ಅವರ ತಂದೆ, ತಾಯಿ, ಅಕ್ಕ ಹಸಿವಿನಿಂದ ಕಂಗೆಟ್ಟು ತೀರಿಕೊಂಡರು. ಉಳಿದ ಅಣ್ಣ-ತಂಗಿ ಊರೂರು ನಡೆದರು. 1889ರಲ್ಲಿ ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. 1896-97ರಲ್ಲಿ ಮಧ್ಯ ಪ್ರಾಂತದಲ್ಲಿ ಬರ ಬಿದ್ದಾಗ ಅಲ್ಲಿಗೆ ಹೋಗಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕೇಡಗಾಂವಿಗೆ ಕರೆತಂದರು. 1900ರ ಗುಜರಾತಿನ ಬರದಲ್ಲಿ ಇನ್ನಷ್ಟು ಮಂದಿ ಬಂದರು.

ಬರದಲ್ಲಿ ತನ್ನವರನ್ನು ಕಳೆದುಕೊಂಡಿದ್ದ ರಮಾಬಾಯಿಗೆ ಅನ್ನದ ಜತೆ ಕೈಗೊಂದು ಕಸುಬೂ ಬೇಕು ಎನ್ನುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮುಕ್ತಿಯಲ್ಲಿ ಹೊಲಿಗೆ, ಕಸೂತಿ, ನೇಯ್ಗೆ ಇದ್ದವು. ಅವುಗಳ ಪಕ್ಕದಲ್ಲೇ ಬೇಸಾಯ, ಹೈನು, ಮುದ್ರಣಾಲಯವೂ ಇದ್ದವು. ಹೆಣ್ಣುಮಕ್ಕಳೇ ಅಚ್ಚಿನ ಮೊಳೆ ಜೋಡಿಸಿ ಪುಸ್ತಕ ಮುದ್ರಿಸಿದರು. ಪುಣೆ ನಗರದಲ್ಲಿ 1896ರಲ್ಲಿ ಧೋಂಡೋ ಕೇಶವ ಕರ್ವೆ ವಿಧವೆಯರ ಆಶ್ರಮ ಆರಂಭಿಸಿದರು. 1909ರಲ್ಲಿ ರಮಾಬಾಯಿ ರಾನಡೆ ಅವರ ‘ಸೇವಾ ಸದನ’ ಹೊಲಿಗೆ ಕೈಕೆಲಸದ ತರಗತಿಗಳ ಜತೆಗೆ ದಾದಿಯರ ತರಬೇತಿಗೂ ದಾರಿ ಮಾಡಿತು.

ಈ ಮನೆಗಳಲ್ಲಿಯೂ ಸೂಜಿ, ದಾರ, ಕೊಕ್ಕೆಗಳ ಕೆಲಸ ನರಸಾಪುರದ್ದಕ್ಕಿಂತ ಬೇರೆಯಾಗಿರಲಿಲ್ಲ. ಬೇರೆಯಾಗಿದ್ದುದು ಅದು ನಡೆಯುತ್ತಿದ್ದ ಜಾಗ. ಹತ್ತು ಜನ ಕೂತ ಕೋಣೆಯಲ್ಲಿ ಎಲ್ಲರ ಕಣ್ಣೆದುರು ನಡೆವ ದುಡಿಮೆಗೆ ಹೊತ್ತಿನ ಲೆಕ್ಕ ತಾನಾಗಿ ಬರುತ್ತದೆ. ಒಬ್ಬಳ ಕೂಲಿ ಇನ್ನೊಬ್ಬಳಿಗೆ ತಿಳಿಯುತ್ತದೆ. ಕಲಿತವಳು ದರ್ಜಿ, ನೇಕಾರ್ತಿ, ಶಿಕ್ಷಕಿ ಎಂಬ ಹೆಸರು ಹೊತ್ತು ಹೊರಗೆ ಹೋಗುತ್ತಾಳೆ.

ಶಾಲೆಗಳ ಹೊಲಿಗೆ ತರಗತಿಯಿಂದ, ಅಕ್ಕಪಕ್ಕದ ಮನೆಗಳಿಂದ ಮಧ್ಯಮ ವರ್ಗದ ಮನೆಗಳಿಗೆ ಹೋದ ಕ್ರೋಶಾ ಮಾತ್ರ ಈ ಹೆಸರನ್ನು ಪಡೆಯಲಿಲ್ಲ. ಅದು ಹೆಣ್ಣು ನೋಡಲು ಬಂದವರ ಮುಂದಿಡುವ ಜಾಣತನವಾಯಿತು, ತವರಿನಿಂದ ತಂದ ಪೆಟ್ಟಿಗೆಯ ಅಲಂಕಾರವಾಯಿತು.

ಸೆರಗಿನ ಅಂಚಿನಲ್ಲಿ

ಕಳೆದ ಕೆಲವು ದಶಕಗಳಲ್ಲಿ ಕರ್ನಾಟಕದಲ್ಲಿ ಕ್ರೋಶಾಗೆ ಹೊಸ ಮಾರುಕಟ್ಟೆ ತೆರೆದುಕೊಂಡಿದೆ. ಅದು ಸೀರೆಯ ಕುಚ್ಚು. ಮೊದಲು ಸೆರಗಿನ ಎಳೆಗಳನ್ನು ಗೊಂಚಲು ಮಾಡಿ ಗಂಟು ಹಾಕಿದರೆ ಮುಗಿಯುತ್ತಿತ್ತು. ಈಗ ರೇಷ್ಮೆ ದಾರ ಮತ್ತು ಕೊಕ್ಕೆಯಿಂದ ಸೆರಗಿನ ಅಂಚಿಗೆ ಸರಪಳಿ ಹಾಕಿ, ಅದರ ಮೇಲೆ ಕಮಾನು ಕಟ್ಟಿ, ಮಣಿ ಪೋಣಿಸಿ, ತುದಿಗೆ ಗೊಂಡೆ ಇಳಿಬಿಡುತ್ತಾರೆ. ಕ್ರೋಶಾ ಕುಚ್ಚು, ಬೇಬಿ ಕುಚ್ಚು, ಬ್ರೈಡಲ್ ಕುಚ್ಚು ಎಂದು ಹೆಸರುಗಳೇ ಹತ್ತಾರು. ಮದುವೆಯ ಸೀಸನ್ನಿನಲ್ಲಿ ಸೀರೆ ಅಂಗಡಿಯವರೂ ಟೈಲರುಗಳೂ ಸೀರೆಗಳನ್ನು ಸೇರಿಸಿಟ್ಟು ಅಕ್ಕಪಕ್ಕದ ಬಡಾವಣೆಯ ಮನೆಗಳಿಗೆ ಕಳಿಸುತ್ತಾರೆ. ಹೆಂಗಸರು ಅಡುಗೆ, ಮಕ್ಕಳ ಸ್ಕೂಲು ಮುಗಿಸಿ ಕೂತು ಹೆಣೆಯುತ್ತಾರೆ. ಕೂಲಿ ಸೀರೆಗೆ ಇಷ್ಟೆಂದು, ಗಂಟೆಗಲ್ಲ.

ಕೈಗೆ ಬಂದ ದುಡ್ಡು ಮಕ್ಕಳ ಫೀಸಿಗೆ, ಚೀಟಿಗೆ, ಒಂದು ಗ್ರಾಂ ಚಿನ್ನಕ್ಕೆ ಸೇರುವುದು ಸಣ್ಣ ಮಾತಲ್ಲ. ಗಿರಾಕಿಯನ್ನು ನೇರವಾಗಿ ಹಿಡಿದು ತಾವೇ ದರ ಹೇಳುವವರೂ, ತರಗತಿ ನಡೆಸಿ ನಾಲ್ಕು ಜನಕ್ಕೆ ಕಲಿಸುವವರೂ ಇದ್ದಾರೆ. ಆದರೆ ಅಂಗಡಿಯ ಮೂಲಕ ಬರುವ ಕೆಲಸದಲ್ಲಿ ಕ್ಲೋನ್ಸ್ ಮತ್ತು ನರಸಾಪುರದ ಏಣಿಯೇ ಇದೆ: ಗಿರಾಕಿ ಕೊಟ್ಟದ್ದಕ್ಕೂ ಹೆಣೆದವಳಿಗೆ ತಲುಪಿದ್ದಕ್ಕೂ ನಡುವೆ ಒಂದೆರಡು ಮೆಟ್ಟಿಲು. ಬಿಡಿಯಾಗಿ ಮನೆಮನೆಯಲ್ಲಿ ಕೂತವರಿಗೆ ಪಕ್ಕದ ಬೀದಿಯವಳಿಗೆ ಎಷ್ಟು ಸಿಗುತ್ತಿದೆ ಎನ್ನುವುದೂ ತಿಳಿದಿರುವುದಿಲ್ಲ.

ಒಂದು ಸರಳ ಲೆಕ್ಕ ಹಾಕಬಹುದು. ಒಂದು ಕುಚ್ಚಿಗೆ 5 ಗಂಟೆ ಹಿಡಿಯಿತು, ಹೆಣೆದವಳಿಗೆ 250 ರೂಪಾಯಿ ಬಂತು ಎಂದಿಟ್ಟುಕೊಳ್ಳಿ. ಅದರಲ್ಲಿ ದಾರ, ಮಣಿಗೆ 50 ಹೋದರೆ ಉಳಿದದ್ದು ಗಂಟೆಗೆ 40 ರೂಪಾಯಿ. ಸೀರೆಗೆ 250 ಎಂದಾಗ ಪರವಾಗಿಲ್ಲ ಎನಿಸಿದ ಕೂಲಿ, ಗಂಟೆಗೆ 40 ಎಂದಾಗ ಬೇರೆಯಾಗಿ ಕಾಣುತ್ತದೆ. ಖರಾಡಿಯ ಮೊಮ್ಮಗಳು ಇನ್‌ಸ್ಟಾಗ್ರಾಮಿನಲ್ಲಿ ಮಾರುವ ಆಮೆಗೂ ಇದೇ ಲೆಕ್ಕ ಹೊಂದುತ್ತದೆ. ದಾರದ ಬೆಲೆಯ ಮೇಲೆ ಒಂದಿಷ್ಟು ಸೇರಿಸಿ ದರ ಹೇಳಿದರೆ ಅವಳ ಸಂಜೆಗಳು ಲೆಕ್ಕದಿಂದ ಹೊರಗೇ ಉಳಿಯುತ್ತವೆ. ಅವಳಿಗೆ ಸಂಬಳದ ಕೆಲಸ ಬೇರೆ ಇರಬಹುದು. ಆದರೆ ಅವಳು ಹೇಳುವ ಅಗ್ಗದ ದರವೇ, ಇದನ್ನೇ ನಂಬಿ ಬದುಕುವ ಇನ್ನೊಬ್ಬಳ ಮುಂದೆ ಗಿರಾಕಿ ಇಡುವ ದರವೂ ಆಗುತ್ತದೆ.

ಕರ್ನಾಟಕದ ಯಾವುದೇ ಪಟ್ಟಣದ ಟೈಲರ್ ಅಂಗಡಿಯಲ್ಲಿ ಇಂದು ಎರಡು ಕೊಕ್ಕೆಗಳ ಕೆಲಸ ಪಕ್ಕಪಕ್ಕದಲ್ಲಿ ಸಿಗುತ್ತದೆ. ರವಿಕೆಗೆ ಆರಿ, ಸೆರಗಿಗೆ ಕ್ರೋಶಾ. ಒಂದು ಮೋಚಿಯ ಕೈಯಿಂದ ಬಂದದ್ದು. ಇನ್ನೊಂದು, ಆ ಊಹೆ ನಿಜವಾದರೆ, ಅದೇ ಮೋಚಿಯ ಕೊಕ್ಕೆ ಫ್ರಾನ್ಸು, ಐರ್ಲೆಂಡು, ಗೋದಾವರಿ ಸುತ್ತಿ ಮರಳಿ ಬಂದದ್ದು. ರವಿಕೆಯ ಆರಿ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳಿ ದುಡ್ಡು ಕೊಡುವುದು ಗಿರಾಕಿಗಳಿಗೆ ರೂಢಿಯಾಗುತ್ತಿದೆ. ಅದೇ ಅಂಗಡಿಯಲ್ಲಿ, ಅದೇ ಸೀರೆಯ ಕುಚ್ಚಿನ ಬಗ್ಗೆಯೂ ಆ ಪ್ರಶ್ನೆ ಕೇಳಬಹುದು: ಇದಕ್ಕೆ ಎಷ್ಟು ಗಂಟೆ ಹಿಡಿಯಿತು, ಅವರಿಗೆ ಎಷ್ಟು ತಲುಪುತ್ತದೆ?